ಅಪ್ಪನಿಗೆ ಮಾರ್ಫಿನ್ ಬೇಡ ಅಂತಾನೆ ಅಣ್ಣ

ಪ್ರಶ್ನೆ: ಅಪ್ಪನಿಗೆ 71 ವರ್ಷ. ಶ್ವಾಸಕೋಶದ ಕ್ಯಾನ್ಸರ್ ಮೂಳೆಗೂ ಹರಡಿದೆ. ಕೀಮೋ ನಡೆಯುತ್ತಿದೆ. ಜೊತೆಗೇ ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ಕಡಿಮೆ ಮಾಡುವ ಆರೈಕೆ) ಶುರು ಮಾಡೋಣ, ನೋವಿಗೆ ಮಾರ್ಫಿನ್ ಕೊಡೋಣ ಎಂದರು ಡಾಕ್ಟರು. ‘ಅಂದ್ರೆ ಅಪ್ಪನ್ನ ಕೈಬಿಟ್ಟ ಹಾಗೆ, ಮೇಲೆ ಆ ಮಾತ್ರೆ ಚಟ ಬೇರೆ’ ಎಂದು ಅಣ್ಣ ಕೂಗಾಡುತ್ತಾನೆ. ರಾತ್ರಿ ಅಪ್ಪನ ಪಕ್ಕ ಮಲಗುವವಳು ನಾನು. ಆ ನರಳಾಟ ಕೇಳಲಾಗುತ್ತಿಲ್ಲ. ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಅಪ್ಪನಿಗೆ ಯಾರೂ ಹೇಳಿಲ್ಲ. ಏನು ಮಾಡಲಿ?

ಉತ್ತರ: ಅಣ್ಣ ಎಷ್ಟು ರಾತ್ರಿ ಆ ಕೋಣೆಯಲ್ಲಿ ಮಲಗಿದ್ದಾರೆ? ಜಗಳಕ್ಕೆ ಕೇಳುತ್ತಿಲ್ಲ. ಒಂದೆರಡು ರಾತ್ರಿ ಅವರೇ ಮಲಗಲಿ. ನಿಮಗೂ ನಿದ್ದೆ ಬೇಕು.

‘ಇನ್ನೇನೂ ಮಾಡಕ್ಕಾಗಲ್ಲ’ ಅಂದಮೇಲೆ ಕೊಡುವುದೇ ಪ್ಯಾಲಿಯೇಟಿವ್ ಕೇರ್ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಕೀಮೋ ಗೆಡ್ಡೆಯನ್ನು ನೋಡಿಕೊಳ್ಳುತ್ತೆ. ನೋವು, ಏದುಸಿರು, ನಿದ್ದೆ ಬರದ ರಾತ್ರಿ, ಭಯ, ಇದನ್ನೆಲ್ಲ ನೋಡಿಕೊಳ್ಳಲೂ ಯಾರಾದರೂ ಬೇಕಲ್ವಾ? 2010ರಲ್ಲಿ ಅಮೆರಿಕದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿದ್ದ 151 ಜನಕ್ಕೂ ನಿಮ್ಮ ಅಪ್ಪನ ಹಾಗೆಯೇ ಹರಡಿದ ಶ್ವಾಸಕೋಶದ ಕ್ಯಾನ್ಸರ್. ಚಿಕಿತ್ಸೆಯ ಜೊತೆಗೆ ಮೊದಲಿಂದಲೇ ಈ ಆರೈಕೆ ಸಿಕ್ಕವರಲ್ಲಿ ಖಿನ್ನತೆ ಕಡಿಮೆ ಇತ್ತು. ಆಯಸ್ಸೂ ಸುಮಾರು ಎರಡೂವರೆ ತಿಂಗಳು ಜಾಸ್ತಿಯೇ ಬಂತು. ಅಪ್ಪನಿಗೂ ಅಷ್ಟೇ ಸಿಗುತ್ತದೆಂದು ನಾನು ಹೇಳಲಾರೆ. ಅಣ್ಣನಿಗೆ ಇದನ್ನು ಓದಿ ಹೇಳಿ.

ಇನ್ನು ಮಾರ್ಫಿನ್. ನೋವಿಗೆಂದು ಡಾಕ್ಟರು ಲೆಕ್ಕ ಹಾಕಿ ಕೊಟ್ಟದ್ದು ಇಂಥ ಕಾಯಿಲೆಯಲ್ಲಿ ಚಟವಾಗುವುದು ಅಪರೂಪ. ಸಣ್ಣ ಡೋಸಿನಿಂದ ಶುರು ಮಾಡುತ್ತಾರೆ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಬಂದರೂ ಸಾಮಾನ್ಯವಾಗಿ ಇಳಿಯುತ್ತೆ. ಇಳಿಯದೆ ಕಾಡುವುದು ಮಲಬದ್ಧತೆ. ಮೋಷನ್ ಸರಾಗವಾಗುವ ಔಷಧಿಯನ್ನು ಮೊದಲ ದಿನವೇ ಕೇಳಿ ತನ್ನಿ. ನೋವು ಬರಲಿ ಅಂತ ಕಾಯದೆ, ಹೇಳಿದ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಿ. ಮೂಳೆ ನೋವಿಗೆ ಒಂದೇ ಸಲದ ರೇಡಿಯೇಷನ್ ಕೂಡ ಎಷ್ಟೋ ಜನರಿಗೆ ಸಾಕಾಗುತ್ತೆ. ಅದನ್ನೂ ವಿಚಾರಿಸಿ.

ನೀವು ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದು ಬಿಟ್ಟಿದ್ದೀರಿ. ನನಗೆ ಅದೇ ದೊಡ್ಡದಾಗಿ ಕಂಡಿತು. ಅಪ್ಪನ ಮೈಯ ವಿಷಯಕ್ಕೆ ಅಣ್ಣ ತಂಗಿ ಜಗಳವಾಡುತ್ತಿದ್ದೀರಿ, ಅಪ್ಪನನ್ನೇ ಯಾರೂ ಕೇಳಿಲ್ಲ. ಅವರಿಗೆ ಅರ್ಧ ಗೊತ್ತಿರುತ್ತೆ, ನೀವು ಅಳುತ್ತೀರಿ ಅಂತ ಬಾಯಿ ಬಿಡುತ್ತಿಲ್ಲವೇನೋ. ‘ಅಪ್ಪ, ಕಾಯಿಲೆ ಬಗ್ಗೆ ನಿಮಗೇನು ಅನ್ಸುತ್ತೆ?’ ಅಂತ ಶುರು ಮಾಡಿ. ‘ಎಲ್ಲಾ ತಿಳ್ಕೋಬೇಕಾ, ಇಲ್ಲಾ ನಮಗೆ ಬಿಡ್ತೀರಾ?’ ಅಂತಲೂ ಕೇಳಿ. ಬೇಡ ಅಂದರೆ ಅಲ್ಲಿಗೇ ಬಿಡಿ. ಬೇಕು ಅಂದರೆ ಸುಳ್ಳು ಹೇಳಬೇಡಿ, ಡಾಕ್ಟರ ಬಾಯಿಂದಲೇ ಕೇಳಲಿ. ಕೇಳಿದಮೇಲೆ ಅವರು ಒಂದು ದಿನ ಮಾತು ಬಿಡಬಹುದು. ಪಕ್ಕದಲ್ಲಿ ಕೂತಿರಿ, ಸಾಕು.

ಮುಂದಿನ ಸಲ ಅಣ್ಣನನ್ನೂ ಕರೆದುಕೊಂಡು ಹೋಗಿ. ಡಾಕ್ಟರ ಹತ್ತಿರ ಬೇಕಾದಷ್ಟು ವಾದ ಮಾಡಲಿ. ನೀವು ಹೊರಗಿನ ಕುರ್ಚಿಯಲ್ಲಿ ಕೂತು ಅರ್ಧ ಗಂಟೆ ಕಣ್ಣು ಮುಚ್ಚಿಕೊಳ್ಳಿ.