ಮೋಡವಿಲ್ಲದ ಆಕಾಶದಲ್ಲಿ ವಿಮಾನ ಕುಲುಕಿದ್ದೇಕೆ?

ಪ್ರಶ್ನೆ: ಕಳೆದ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ವಿಮಾನವು ಘಟ್ಟದ ಮೇಲೆ ಎರಡು ಮೂರು ನಿಮಿಷ ಬಲವಾಗಿ ಕುಲುಕಿತು. ಕಿಟಕಿಯಾಚೆ ತುಂಡು ಮೋಡವೂ ಇರಲಿಲ್ಲ. ಪಕ್ಕದಲ್ಲಿದ್ದವರು ಇದು ಪರ್ವತ ಅಲೆ ಎಂದರು. ಗಾಳಿಯಲ್ಲಿಯೂ ಅಲೆ ಏಳುವುದುಂಟೇ? ಅದು ಅಪಾಯಕಾರಿಯೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಏಳುವುದುಂಟು. ಅದರ ಮಾದರಿಯನ್ನು ನಿಮ್ಮೂರಿನ ತೋಡಿನಲ್ಲಿಯೇ ನೋಡಬಹುದು. ಮುಳುಗಿದ ಕಲ್ಲೊಂದನ್ನು ದಾಟಿದ ನೀರು ಅದರ ಕೆಳಮಗ್ಗುಲಿನಲ್ಲಿ ತಗ್ಗಿ, ಉಬ್ಬಿ, ಮತ್ತೆ ತಗ್ಗುತ್ತದೆ. ತೇಲಿಬಂದ ಎಲೆ ಅದನ್ನು ಹಾದು ಮುಂದೆ ಸಾಗುತ್ತದೆ, ಉಬ್ಬು ಮಾತ್ರ ಇದ್ದಲ್ಲಿಯೇ ನಿಂತಿರುತ್ತದೆ. ಬೆಟ್ಟದ ಸಾಲಿಗೆ ಅಡ್ಡಲಾಗಿ, ಶಿಖರದ ಮಟ್ಟದಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಗಾಳಿ ಬೀಸುವಾಗ ಆಗುವುದೂ ಇದೇ. ಬೆಟ್ಟವನ್ನೇರಿದ ಗಾಳಿ ತಣ್ಣಗಾಗುತ್ತದೆ. ವಾಯುಪದರ ಸ್ಥಿರವಾಗಿದ್ದರೆ ಅದು ಸುತ್ತಲಿನ ಗಾಳಿಗಿಂತ ಭಾರವಾಗಿ ಆಚೆಬದಿಯಲ್ಲಿ ಇಳಿಯುತ್ತದೆ, ಇಳಿಯುವ ಭರದಲ್ಲಿ ತನ್ನ ಮಟ್ಟವನ್ನೂ ಮೀರಿ ಕೆಳಗೆ ಹೋಗಿ, ಬೆಚ್ಚಗಾಗಿ, ಮತ್ತೆ ಏರುತ್ತದೆ. ತೇವಾಂಶವಿದ್ದರೆ ಅಲೆಯ ನೆತ್ತಿಯಲ್ಲಿ ಮಸೂರದಾಕಾರದ ಮೋಡವೊಂದು, ಎಷ್ಟು ಗಾಳಿ ಬೀಸಿದರೂ ಕದಲದೆ, ನಿಂತಿರುತ್ತದೆ. ತೇವಾಂಶವಿಲ್ಲದಿದ್ದರೆ ಕಣ್ಣಿಗೆ ಯಾವ ಕುರುಹೂ ಇಲ್ಲ. ಮಳೆಹನಿಗಳನ್ನು ಗುರುತಿಸುವ ವಿಮಾನದ ರಾಡಾರಿಗೂ ಅದು ಕಾಣದು.

ಅಲೆಯ ಏರಿಳಿತ ಕೆಲವೊಮ್ಮೆ ಅಚ್ಚರಿಯೆನಿಸುವಷ್ಟು ನಯವಾಗಿರುತ್ತದೆ. ಹೆಚ್ಚು ಕೆಟ್ಟದ್ದು ಅದರ ನೆತ್ತಿಯ ಕೆಳಗೆ, ಬೆಟ್ಟದ ಮಟ್ಟದ ಆಸುಪಾಸಿನಲ್ಲಿ ಸುರುಳಿಯಾಗಿ ಹೊರಳುವ ಗಾಳಿ. ಇದನ್ನು ರೋಟರ್ ಎನ್ನುತ್ತಾರೆ. ಇನ್ನು ಇಳಿಗಾಳಿಯ ಸೆಳೆತವು ಸಣ್ಣ ವಿಮಾನದ ಏರುವ ಶಕ್ತಿಯನ್ನೇ ಮೀರಬಹುದು. ದೊಡ್ಡ ವಿಮಾನಗಳಿಗೂ ವಿನಾಯಿತಿಯಿಲ್ಲ. 1966ರ ಮಾರ್ಚ್ 5ರಂದು ಟೋಕಿಯೋದಿಂದ ಹಾಂಗ್‌ಕಾಂಗ್‌ಗೆ ಹೊರಟ ಬೋಯಿಂಗ್ 707 ವಿಮಾನವು 3,776 ಮೀಟರ್ ಎತ್ತರದ ಫ್ಯೂಜಿ ಪರ್ವತದ, ಗಾಳಿ ದಾಟಿ ಇಳಿಯುವ ಮಗ್ಗುಲಿನಲ್ಲಿ, ನಿರ್ಮಲವಾದ ಆಕಾಶದಲ್ಲಿಯೇ, ಮುರಿದುಬಿದ್ದು 124 ಮಂದಿ ಸತ್ತರು. ಅವಶೇಷಗಳಲ್ಲಿ ಪ್ರಯಾಣಿಕರೊಬ್ಬರ 8 ಎಂಎಂ ಸಿನಿಮಾ ಕ್ಯಾಮೆರಾ ಸಿಕ್ಕಿತು. ಕಿಟಕಿಯಿಂದ ತೆಗೆದ ಹೊರನೋಟ ಅದರ ರೀಲಿನಲ್ಲಿ ಉಳಿದಿತ್ತು. ಇಂದು ತೀವ್ರ ಪರ್ವತ ಅಲೆಗಳ ಬಗ್ಗೆ ಪೈಲಟ್‌ಗಳಿಗೆ ಹವಾಮಾನ ಕಚೇರಿಗಳಿಂದ ಮುನ್ನೆಚ್ಚರಿಕೆ ಹೋಗುತ್ತದೆ.

ಆದರೆ ನಿಮ್ಮ ಪಕ್ಕದವರ ಮಾತನ್ನು ನಾನು ಒಪ್ಪಲಾರೆ. ಮಾರ್ಚ್ ಮಧ್ಯಾಹ್ನದ ಬಿಸಿಲಿಗೆ ಕಾದ ಇಳಿಜಾರುಗಳಿಂದ ಬಿಸಿಗಾಳಿ ಬುಗ್ಗೆಬುಗ್ಗೆಯಾಗಿ ಏಳುತ್ತದೆ, ಮತ್ತು ಅಂಥ ಅಸ್ಥಿರ ವಾಯುಪದರವು ಅಲೆಗೆ ಒಗ್ಗುವುದಿಲ್ಲ. ಕುಲುಕಾಟಕ್ಕೆ ಆ ಬಿಸಿಗಾಳಿಯೇ ಕಾರಣವಿರಬೇಕು. ಘಟ್ಟಕ್ಕೆ ಅಡ್ಡಲಾಗಿ ಜೋರಾದ ಪಡುಗಾಳಿ ಬೀಸುವುದು ಮಳೆಗಾಲದಲ್ಲಿ; ಆಗಲೂ ಅಲೆಯನ್ನು ನಿರೀಕ್ಷಿಸಬೇಕಾದುದು ಕೊಡಗು, ಮೈಸೂರಿನ ಕಡೆಯಲ್ಲಿಯೇ ಹೊರತು ನಮ್ಮ ಕರಾವಳಿಯ ಮಗ್ಗುಲಲ್ಲಲ್ಲ.

ಪ್ರಶ್ನೆ: ಎಂಜಿನ್ ಇಲ್ಲದ ಗ್ಲೈಡರ್‌ನವರು ಇಂಥ ಅಲೆಗಳನ್ನು ಹುಡುಕಿಕೊಂಡು ಹೋಗುತ್ತಾರಂತೆ, ನಿಜವೇ?
– ವಿದ್ಯಾರ್ಥಿ, ಕುಂಬಳೆ

ಉತ್ತರ: ನಿಜ. ಅಲೆಯ ಏರುಬದಿಯಲ್ಲಿ ಗಾಳಿಗೆ ಎದುರಾಗಿ ನಿಂತರೆ, ಗಾಳಿಯೇ ಅವರನ್ನು ಮೇಲಕ್ಕೆತ್ತುತ್ತದೆ. 2018ರ ಸೆಪ್ಟೆಂಬರಿನಲ್ಲಿ ಪರ್ಲಾನ್ 2 ಎಂಬ ಗ್ಲೈಡರ್ ಅರ್ಜೆಂಟೀನಾದ ಆಂಡಿಸ್ ಪರ್ವತಗಳ ಅಲೆಯನ್ನು ಹಿಡಿದು 22 ಕಿಲೋಮೀಟರಿಗೂ ಮೇಲೇರಿತು. ನಮ್ಮ ಪ್ರಯಾಣಿಕ ವಿಮಾನಗಳು ಹಾರುವುದು ಸುಮಾರು 10ರಿಂದ 12 ಕಿಲೋಮೀಟರ್ ಎತ್ತರದಲ್ಲಿ.