ಓದುಗರ ಪ್ರಶ್ನೆ: ಪಿಸಿಬಿ ಪ್ಯಾನೆಲ್ ಮಾಡಿದರೆ ದುಡ್ಡು ಉಳಿಯುತ್ತಾ?

ಪ್ರಶ್ನೆ: ಟ್ಯಾಂಕ್ ತುಂಬಿದಾಗ ಬಜ್ಜರ್ ಕೂಗುವ ಒಂದು ಸಣ್ಣ ಸರ್ಕ್ಯೂಟ್ ಮಾಡಿದ್ದೇನೆ. ಅದರ ಪಿಸಿಬಿ (ಬಿಡಿಭಾಗ ಕೂರಿಸುವ ಸರ್ಕ್ಯೂಟ್ ಬೋರ್ಡ್) 22 ಮಿ.ಮೀ. ಅಗಲ, 46 ಮಿ.ಮೀ. ಉದ್ದ. ನಮ್ಮ ಸೊಸೈಟಿಯವರು ಕೇಳುತ್ತಿದ್ದಾರೆ, ಸುಮಾರು 40 ಬೇಕು. ಮುಂಬೈನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಿದಾಗ ‘ಪ್ಯಾನೆಲ್ ಮಾಡಿಕೊಂಡು ಬನ್ನಿ, ಅಗ್ಗ ಆಗುತ್ತೆ’ ಎಂದರು. ಹೇಗೆ ಮಾಡೋದು? ಒಂದು ತುದಿಯಲ್ಲಿ ಟೈಪ್-ಸಿ ಕನೆಕ್ಟರ್ ಬೋರ್ಡಿನಿಂದ ಸ್ವಲ್ಪ ಹೊರಗೆ ಚಾಚಿದೆ.
– ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಅವರು ಹೇಳಿದ್ದು ಸರಿ. ಪ್ಯಾನೆಲ್ ಅಂದರೆ ಹಲವು ಬೋರ್ಡುಗಳನ್ನು ಒಂದೇ ದೊಡ್ಡ ಹಾಳೆಯಾಗಿ ಮಾಡಿಸಿ, ಆಮೇಲೆ ಬಿಡಿಸಿಕೊಳ್ಳೋದು. ಆದರೆ ಪ್ಯಾನೆಲ್ ಬಿಡಿಸುವ ಮೊದಲು ಬೋರ್ಡ್ ತಯಾರಿಸುವವರಿಗೆ ಒಂದು ಫೋನ್, ಬಿಡಿಭಾಗ ಕೂರಿಸಿಕೊಡುವವರಿಗೆ ಇನ್ನೊಂದು ಫೋನ್ ಮಾಡಿ. ಮಷಿನ್ ಹಿಡಿದುಕೊಳ್ಳಲು ಪ್ಯಾನೆಲಿನ ಅಂಚಿಗೆ ಬಿಡುವ ಪಟ್ಟಿ ಎಷ್ಟು ಅಗಲ ಬೇಕು, ಪ್ಯಾನೆಲ್ ಎಷ್ಟು ದೊಡ್ಡದಿರಬಹುದು ಅನ್ನೋದೆಲ್ಲ ಅವರ ಮಷಿನ್ ಮೇಲೆ ನಿಂತಿರುತ್ತದೆ.

ಸಣ್ಣ ಆರ್ಡರಿನಲ್ಲಿ ಬೋರ್ಡಿನ ವಸ್ತುವಿಗೆ ಹೋಗುವ ದುಡ್ಡು ಕಡಿಮೆ. ಫೈಲ್ ಪರೀಕ್ಷೆ, ಡ್ರಿಲ್ಲಿಂಗ್ ತಯಾರಿ, ಟೂಲಿಂಗ್ ಚಾರ್ಜ್, ಇವೇ ಜಾಸ್ತಿ. ಅದೂ ಅಲ್ಲದೆ 100 × 100 ಮಿ.ಮೀ. ಒಳಗಿನ ಬೋರ್ಡಿಗೆ ತುಂಬಾ ಕಡಿಮೆ ದರ ಇಟ್ಟಿರುವ ತಯಾರಕರು ಹಲವರಿದ್ದಾರೆ, ಕನಿಷ್ಠ ಆರ್ಡರ್ ಹೆಚ್ಚಾಗಿ 5. ಆ ಅಳತೆಯೊಳಗೆ ನಿಮ್ಮ ಬೋರ್ಡು ಎಷ್ಟು ಹಿಡಿಯುತ್ತದೆ ನೋಡೋಣ.

ಬೋರ್ಡುಗಳನ್ನು ಆಮೇಲೆ ಬಿಡಿಸಿಕೊಳ್ಳಲು ಎರಡು ವಿಧಾನ ನೋಡೋಣ. ಮೊದಲನೆಯದು ವಿ-ಕಟ್, ಅಂದರೆ ಬೋರ್ಡಿನ ಎರಡೂ ಬದಿಯಿಂದ ವಿ ಆಕಾರದ ಗೀರು ಹಾಕಿ, ನಡುವೆ ದಪ್ಪದ ಮೂರನೇ ಒಂದು ಭಾಗದಷ್ಟು ಮಾತ್ರ ಉಳಿಸೋದು. ಬೋರ್ಡುಗಳ ನಡುವೆ ಜಾಗ ಬಿಡಬೇಕಿಲ್ಲ. ಅಡ್ಡಕ್ಕೆ 4 ಬೋರ್ಡ್ ಅಂದರೆ 88, ಎಡಬಲಕ್ಕೆ 5 ಮಿ.ಮೀ. ಪಟ್ಟಿ ಸೇರಿದರೆ 98. ಉದ್ದಕ್ಕೆ 2 ಬೋರ್ಡ್, 92. ಒಂದು ಪ್ಯಾನೆಲಿನಲ್ಲಿ 8, ಐದು ಪ್ಯಾನೆಲಿಗೆ 40. ನಿಮಗೆ ಬೇಕಾದಷ್ಟೇ!

ಇನ್ನೊಂದು ವಿಧಾನದಲ್ಲಿ ಬೋರ್ಡಿನ ಸುತ್ತ ಅಂಚು ಕೊರೆಯುವ ಮಷಿನ್ ಆದ ರೌಟರ್‌ನಿಂದ ಸೀಳಿ, ಅಲ್ಲಲ್ಲಿ ಸಣ್ಣ ತೂತುಗಳ ಸಾಲಿರುವ ಬೆಸೆತ ಉಳಿಸುತ್ತಾರೆ. ಇದನ್ನು ಮೌಸ್ ಬೈಟ್ ಅಂತಾರೆ. ಸೀಳಿಗೆ ಸಾಮಾನ್ಯವಾಗಿ 2 ಮಿ.ಮೀ. ಬೇಕು, ಹಾಗಾಗಿ ನಾಲ್ಕು ಬೋರ್ಡ್ ಮತ್ತು ಪಟ್ಟಿಗಳು ಸೇರಿ 108 ಮಿ.ಮೀ. ಆಗಿ ಅಗ್ಗದ ಅಳತೆ ದಾಟುತ್ತದೆ. ಅಡ್ಡಕ್ಕೆ ಮೂರೇ ಬೋರ್ಡ್ ಕೂರುತ್ತವೆ, ಅಂದರೆ ಪ್ಯಾನೆಲಿಗೆ 6. ನಿಮ್ಮದು ನೇರ ಅಂಚಿನ ಆಯತಾಕಾರದ ಬೋರ್ಡ್, ವಿ-ಕಟ್ ಸಾಕು. ಗುಂಡಗಿನ ಅಥವಾ ವಕ್ರ ಅಂಚಿನ ಬೋರ್ಡಾಗಿದ್ದರೆ ಮೌಸ್ ಬೈಟೇ ಗತಿ, ಯಾಕಂದ್ರೆ ವಿ-ಕಟ್ ಬ್ಲೇಡ್ ಪ್ಯಾನೆಲಿನ ಈ ತುದಿಯಿಂದ ಆ ತುದಿಗೆ ನೇರವಾಗಿ ಹೋಗುತ್ತದೆ.

ಈಗ ಕನೆಕ್ಟರ್. ಅದು ಪಕ್ಕದ ಬೋರ್ಡಿನ ಮೇಲೆ ಚಾಚಿದರೆ ಕೂರಿಸೋಕೂ ಕಷ್ಟ, ಮುರಿಯೋಕೂ ಕಷ್ಟ. ಮೇಲಿನ ಸಾಲಿನ ಕನೆಕ್ಟರ್ ಮೇಲಕ್ಕೆ ಇರಲಿ, ಕೆಳಗಿನ ಸಾಲನ್ನು ಪೂರ್ತಿ 180 ಡಿಗ್ರಿ ತಿರುಗಿಸಿ, ಅದರ ಕನೆಕ್ಟರ್ ಕೆಳಕ್ಕೆ ಬರಲಿ. ಎರಡೂ ಹೊರಗಿನ ಗಾಳಿಗೆ ಚಾಚುತ್ತವೆ, ಪಟ್ಟಿಗಳು ಹೇಗೂ ಎಡಬಲಕ್ಕಿವೆ. ಅರ್ಧ ಬೋರ್ಡುಗಳು ತಿರುಗಿವೆ ಅನ್ನೋದನ್ನು ಕೂರಿಸುವವರಿಗೆ ಬರೆದು ತಿಳಿಸಿ, ಅವರ ಮಷಿನಿಗೆ ಕೊಡುವ ಫೈಲಿನಲ್ಲೂ ಆ ಕೋನ ಸರಿಯಿರಬೇಕು.

ತಾಮ್ರದ ಗೆರೆಗಳು ವಿ-ಕಟ್ ರೇಖೆಯಿಂದ ಅರ್ಧ ಮಿ.ಮೀ. ಆದರೂ ದೂರ ಇರಲಿ, ಗ್ರೌಂಡಿಗಾಗಿ ತಾಮ್ರ ತುಂಬಿದ ಭಾಗವೂ ಸೇರಿ. ಪಟ್ಟಿಗಳ ಮೇಲೆ ಮೂರು ಕಡೆ 1 ಮಿ.ಮೀ. ತಾಮ್ರದ ಚುಕ್ಕೆ ಇಡಿ, ಸುತ್ತ ಸೋಲ್ಡರ್ ಮಾಸ್ಕ್ (ಬೋರ್ಡಿನ ಮೇಲಿನ ಬಣ್ಣದ ಲೇಪ) ಇಲ್ಲದೆ ತೆರೆದಿರಲಿ. ಮಷಿನಿನ ಕ್ಯಾಮೆರಾ ಇದನ್ನೇ ನೋಡಿ ಜಾಗ ಹಿಡಿಯುತ್ತದೆ. ಇದನ್ನೆಲ್ಲ ಕೈಯಲ್ಲಿ ಕಾಪಿ, ಪೇಸ್ಟ್ ಮಾಡುತ್ತಾ ಕೂರಬೇಡಿ. ಬೋರ್ಡ್ ಡಿಸೈನಿಗೆ ಕಿಕ್ಯಾಡ್ ಎಂಬ ತಂತ್ರಾಂಶ ಬಳಸುವವರಾದರೆ ಕಿಕಿಟ್ ಎಂಬ ಉಚಿತ ಸಾಧನ ಇದೆ. ಸಾಲುಗಳನ್ನು ಜೋಡಿಸೋದು, ಸಾಲು ಬಿಟ್ಟು ಸಾಲನ್ನು ತಿರುಗಿಸೋದು, ಪಟ್ಟಿ, ಚುಕ್ಕೆ, ವಿ-ಕಟ್ ರೇಖೆ ಎಲ್ಲವನ್ನೂ ಅದೇ ಮಾಡುತ್ತದೆ. ಮೂಲ ಡಿಸೈನ್ ಬದಲಿಸಿದರೆ ಪ್ಯಾನೆಲನ್ನು ಮತ್ತೆ ಒಂದೇ ಆಜ್ಞೆಯಲ್ಲಿ ಪಡೆಯಬಹುದು, ನನಗೆ ಬಹಳ ಇಷ್ಟವಾದ ವಿಷಯ ಇದು. ಕಳಿಸುವ ಮೊದಲು ಗರ್ಬರ್ ಫೈಲುಗಳನ್ನು (ತಯಾರಕರಿಗೆ ಕಳಿಸುವ, ಬೋರ್ಡಿನ ಪದರಗಳ ಚಿತ್ರಗಳು) ಬೇರೊಂದು ವ್ಯೂವರ್‌ನಲ್ಲಿ ತೆರೆದು, ಒಂದೊಂದೇ ಪದರ ನೋಡಿ.

ಸ್ಟೆನ್ಸಿಲ್ (ಬೆಸುಗೆ ಪೇಸ್ಟ್ ಹಚ್ಚಲು ಬಳಸುವ ತೂತುಗಳಿರುವ ತಗಡು) ಕೂಡ ಪ್ಯಾನೆಲ್ ಅಳತೆಗೇ ಮಾಡಿಸಿ. ಒಮ್ಮೆ ಪೇಸ್ಟ್ ಎಳೆದರೆ ಎಂಟೂ ಬೋರ್ಡ್ ಸಿದ್ಧ. ವಿದೇಶದಿಂದ ತರಿಸುವುದಾದರೆ ಕೊರಿಯರ್, ಸುಂಕ, ಜಿಎಸ್‌ಟಿ ಸೇರಿಸಿಯೇ ಊರಿನ ದರದ ಜೊತೆ ಹೋಲಿಸಿ.

ಪ್ರಶ್ನೆ: ಭೋಸರಿಯಲ್ಲಿ ಬಿಡಿಭಾಗ ಕೂರಿಸಿಕೊಂಡು ಬಂದ ಪ್ಯಾನೆಲ್‌ಗಳನ್ನು ಮನೆಯಲ್ಲಿ ಕೈಯಿಂದ ಮುರಿಯುತ್ತೇವೆ. ಕೆಲವು ಬೋರ್ಡ್ ಮೊದಲು ಚೆನ್ನಾಗಿ ಓಡಿ, ಸ್ವಲ್ಪ ದಿನದ ಮೇಲೆ ಕೈಕೊಡುತ್ತವೆ. ಬೆಸುಗೆ ಸರಿಯಾಗೇ ಇದೆ.
– ಒಬ್ಬ ಓದುಗರು, ಚಿಂಚವಡ, ಪುಣೆ

ಉತ್ತರ: ಅಂಚಿನ ಹತ್ತಿರದ ಸೆರಾಮಿಕ್ ಕೆಪಾಸಿಟರ್‌ಗಳ ಮೇಲೆ ನನಗೆ ಅನುಮಾನ. ಬೋರ್ಡ್ ಬಗ್ಗಿದಾಗ ಅವು ಒಳಗೊಳಗೇ ಸೀಳುತ್ತವೆ, ಹೊರಗಿನಿಂದ ಏನೂ ಕಾಣೋದಿಲ್ಲ. ಆಮೇಲೆ ಬಿಸಿ, ತೇವ ಸೇರಿ ಸೋರಿಕೆ ಶುರುವಾಗಿ ಕೊನೆಗೆ ಶಾರ್ಟ್ ಆಗಬಹುದು. 1206 ಅಳತೆಯವು (ಸುಮಾರು 3.2 × 1.6 ಮಿ.ಮೀ.) ಮತ್ತು ಅದಕ್ಕಿಂತ ದೊಡ್ಡವು ಸಣ್ಣವಕ್ಕಿಂತ ಬೇಗ ಸೀಳುತ್ತವೆ. ಕೆಟ್ಟ ಬೋರ್ಡುಗಳಲ್ಲಿ ಅಂಥ ಕೆಪಾಸಿಟರ್ ಬಿಚ್ಚಿ ಮೀಟರಿನಲ್ಲಿ ಅಳೆದು ನೋಡಿ.

ಮೊದಲು ಕೈಯಿಂದ ಮುರಿಯೋದನ್ನು ನಿಲ್ಲಿಸಿ, ದಯವಿಟ್ಟು. ಗುಂಡು ಬ್ಲೇಡಿನ ನಡುವೆ ಗೀರನ್ನು ಹಾಯಿಸಿ ಕತ್ತರಿಸುವ ಸಣ್ಣ ಮಷಿನ್ ಬರುತ್ತದೆ, ಕೂರಿಸಿಕೊಡುವವರ ಬಳಿ ಇದ್ದರೆ ಅಲ್ಲೇ ಕತ್ತರಿಸಿಕೊಡಿ ಎಂದು ಕೇಳಿ. ಮುಂದಿನ ಡಿಸೈನಿನಲ್ಲಿ ಈ ಕೆಪಾಸಿಟರ್‌ಗಳನ್ನು ಗೀರಿನಿಂದ 5 ಮಿ.ಮೀ. ದೂರಕ್ಕೆ ಸರಿಸಿ, ಅವುಗಳ ಉದ್ದನೆಯ ಬದಿ ಗೀರಿಗೆ ಸಮಾನಾಂತರವಾಗಿ ಇರಲಿ. ಅಡ್ಡಲಾಗಿ ಇಟ್ಟರೆ ಬಗ್ಗುವಿಕೆಯ ಪೂರ್ತಿ ಎಳೆತ ಅದರ ಮೇಲೇ ಬೀಳುತ್ತದೆ. ಜಾಗವೇ ಇಲ್ಲದಿದ್ದರೆ ಬಗ್ಗುವ ತುದಿಯಿರುವ ಕೆಪಾಸಿಟರ್‌ಗಳು ಸಿಗುತ್ತವೆ, ಬೆಲೆ ಸ್ವಲ್ಪ ಜಾಸ್ತಿ.

ಪ್ರಶ್ನೆ: ಕಾಲೇಜ್ ಪ್ರಾಜೆಕ್ಟಿಗೆ ಮೂರು ಬೇರೆ ಬೇರೆ ಬೋರ್ಡ್ ಬೇಕು. ಮೂರನ್ನೂ ಒಂದೇ ಪ್ಯಾನೆಲಿನಲ್ಲಿ ಹಾಕಿ ಒಂದೇ ಡಿಸೈನ್ ಅಂತ ಕಳಿಸಬಹುದಾ?
– ಒಬ್ಬ ವಿದ್ಯಾರ್ಥಿನಿ, ವಾಸ್ಕೊ, ಗೋವಾ

ಉತ್ತರ: ಹಾಗೆ ಮುಚ್ಚಿಡಬೇಡಿ. ಫೈಲ್ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ, ಆರ್ಡರ್ ನಿಂತು ನಿಮ್ಮ ದಿನಗಳೇ ಹಾಳು. ಹಲವು ತಯಾರಕರು ಹೆಚ್ಚುವರಿ ಡಿಸೈನಿಗೆ ಬೇರೆ ಶುಲ್ಕ ಹಾಕುತ್ತಾರೆ, ಅದನ್ನು ಸೇರಿಸಿ ಲೆಕ್ಕ ಮಾಡಿದರೆ ಎಷ್ಟೋ ಸಲ ಮೂರು ಬಿಡಿ ಆರ್ಡರುಗಳೇ ಅಗ್ಗ. ಪ್ರಾಜೆಕ್ಟಿನಲ್ಲಿ ಒಂದು ಬೋರ್ಡಾದರೂ ಬದಲಾಗೋದು ಸಹಜ, ಅಲ್ವಾ? ಆಗ ಬಿಡಿಯಾಗಿದ್ದರೆ ಅದೊಂದನ್ನೇ ಮತ್ತೆ ಮಾಡಿಸಬಹುದು. ನಿಮಗೆ ನನ್ನ ಸಲಹೆ ಬಿಡಿ ಆರ್ಡರ್.

ಒಟ್ಟಿಗೇ ಮಾಡಿಸಿ ನೀವೇ ಹ್ಯಾಕ್ಸಾದಲ್ಲಿ ಕತ್ತರಿಸುವ ಯೋಚನೆ ಇದ್ದರೆ ಹುಷಾರು. ಪಿಸಿಬಿಗೆ ಸಾಮಾನ್ಯವಾಗಿ ಬಳಸುವ ಎಫ್‌ಆರ್-4 ಬೋರ್ಡಿನಲ್ಲಿ ಗಾಜಿನ ನಾರು ಇದೆ, ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್ ಹಾಕಿಕೊಳ್ಳಿ, ಕತ್ತರಿಸುವ ಜಾಗವನ್ನು ಒದ್ದೆ ಮಾಡಿಕೊಂಡು ಕತ್ತರಿಸಿ, ಆಮೇಲೆ ಆ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.