ಹಾಯಿದೋಣಿಗೆ ಯಾವ ದುರ್ಬೀನು?

ಪ್ರಶ್ನೆ: ರಜೆಯಲ್ಲಿ ಕಾರವಾರಕ್ಕೆ ಹೋಗಿ ಗೆಳೆಯರ ಸಣ್ಣ ಹಾಯಿದೋಣಿ ಹತ್ತುತ್ತೇವೆ. ಮಾಗಡಿ ಕೆರೆಯ ಹೆಬ್ಬಾತು ನೋಡಲು ಕೊಂಡ 10×42 ದುರ್ಬೀನು ಮನೆಯಲ್ಲಿದೆ. ಅದೇ ಸಾಕೆ? ನನಗೆ ಕನ್ನಡಕವಿದೆ.
– ಓದುಗರು, ಗದಗ

ಉತ್ತರ: ಕೆರೆ ದಂಡೆಗೆ ಅದು ಒಳ್ಳೆಯದೇ, ದೋಣಿಗೆ ಬೇಡ. ಅಲುಗಾಟವೂ ಹತ್ತು ಪಟ್ಟು ಹಿಗ್ಗಿ ಕಾಣುತ್ತದೆ. ಬೋಯೆಯ (ದಾರಿ ತೋರಲು ನೀರಲ್ಲಿ ತೇಲಿಬಿಟ್ಟ ಗುರುತು) ಬಣ್ಣ ಗುರುತಿಸುವಷ್ಟರಲ್ಲಿ ಅದು ನೋಟದಿಂದ ಜಾರಿರುತ್ತದೆ. 7×50 ಕೊಳ್ಳಿರಿ. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿ.ಮೀ. ಲೆಕ್ಕದಲ್ಲಿ. 50ನ್ನು 7ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ ಸಿಗುತ್ತದೆ, ಸುಮಾರು 7 ಮಿ.ಮೀ. ನಿಮ್ಮದರಲ್ಲಿ ಅದು 4.2 ಮಾತ್ರ. ವೃತ್ತ ದೊಡ್ಡದಿದ್ದರೆ ದೋಣಿ ಹೊಯ್ದಾಡಿ ಕಣ್ಣು ತುಸು ಸರಿದರೂ ಚಿತ್ರ ಕಪ್ಪಾಗುವುದಿಲ್ಲ, ಮುಸ್ಸಂಜೆಯಲ್ಲೂ ಚೆನ್ನಾಗಿ ಕಾಣುತ್ತದೆ. ತೂಕ ಸುಮಾರು ಒಂದು ಕಿಲೋ, ಕೊರಳಿಗೆ ಅಗಲ ಪಟ್ಟಿಯೇ ಬೇಕು.

ನೀರು ನುಗ್ಗದ, ಒಳಗೆ ಸಾರಜನಕ ತುಂಬಿದ ಮಾದರಿಯನ್ನೇ ಆರಿಸಿ. ಇಲ್ಲದಿದ್ದರೆ ತೇವ ಮಸೂರದ ಒಳಮೈಗೆ ಮಂಜು ಕಟ್ಟುತ್ತದೆ. ಅದನ್ನು ಒರೆಸಲು ಬರುವುದಿಲ್ಲ. ಎರಡು ಕಣ್ಣಿಗೂ ಬೇರೆ ಬೇರೆ ಫೋಕಸ್ ಇರಲಿ, ಒಮ್ಮೆ ಹೊಂದಿಸಿದರೆ ದೂರದ್ದೆಲ್ಲ ಸ್ಪಷ್ಟ. ಹತ್ತಿರದ ಹಕ್ಕಿಗೆ ಮಾತ್ರ ಅದು ಬಲು ತ್ರಾಸು, ಹಾಗಾಗಿ ಹಳೆಯದನ್ನು ಮಾರಬೇಡಿ. ಕನ್ನಡಕದವರಿಗೆ ಐ ರಿಲೀಫ್, ಅಂದರೆ ಪೂರ್ತಿ ಚಿತ್ರ ಕಾಣುವಂತೆ ಕಣ್ಣನ್ನು ಹಿಂದಿನ ಮಸೂರದಿಂದ ಇಡಬಹುದಾದ ದೂರ, 16 ಮಿ.ಮೀ. ಆದರೂ ಇರಬೇಕು, ಇಲ್ಲವಾದರೆ ಚಿತ್ರದ ಅಂಚು ಕತ್ತರಿಸಿ ಹೋಗುತ್ತದೆ.

ಹುಬ್ಬಳ್ಳಿಯ ಅಂಗಡಿಯಲ್ಲಿ ಕೊಳ್ಳುವುದಾದರೆ ಹೊರಗೆ ಬಂದು ದೂರದ ಮೊಬೈಲ್ ಟವರ್ ನೋಡಿ. ಒಂದು ಎರಡಾಗಿ ಕಂಡರೆ, ಕಣ್ಣು ಎಳೆದಂತಾದರೆ ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ಪ್ರಿಸಂ ಸರಿದಿರುತ್ತದೆ, ಅದನ್ನು ಬಿಟ್ಟುಬಿಡಿ.

ಉಪ್ಪುನೀರು ಸಿಡಿದಾಗ ಒಣಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಮಸೂರದ ಲೇಪನವನ್ನು ಗೀರುತ್ತದೆ. ಮೊದಲು ಸಿಹಿನೀರು ಸುರಿದು, ಆಮೇಲೆ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ.